ಹನ್ನೆರಡು ಜನರ ಹಡಗು

ಚೆನ್ನೈನ ಕೋಯಂಬೇಡಿನ ಈರುಳ್ಳಿ ಮಂಡಿಯಲ್ಲಿ ಮೂವತ್ತೆಂಟು ವರ್ಷ ಕೂತು ಎದ್ದ ಗುರುಬಸಪ್ಪನವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಆದರೆ ವ್ಯಾಪಾರದ ಸುಳ್ಳು ಬೇರೆ. ಅದು ಸುಳ್ಳೆಂದು ಹೇಳುವವನಿಗೂ ಕೇಳುವವನಿಗೂ ಗೊತ್ತಿರುತ್ತದೆ. ಮನೆಯ ಸುಳ್ಳು ಹಾಗಲ್ಲ. ಒಮ್ಮೆ ಹುಟ್ಟಿಸಿದರೆ ದಿನಾ ಅದಕ್ಕೆ ಅನ್ನ ಹಾಕಿ ಸಾಕಬೇಕು. ಗುರುಬಸಪ್ಪನವರು ತಮ್ಮ ಅರವತ್ಮೂರನೆಯ ವಯಸ್ಸಿನಲ್ಲಿ ಹುಟ್ಟಿಸಿದ ಸುಳ್ಳು ಎಷ್ಟು ಪುಷ್ಟವಾಗಿ ಬೆಳೆಯಿತೆಂದರೆ, ಕೊನೆಗೆ ಅದು ಅವರನ್ನೇ ತಿಂದಿತು.

ಸುಳ್ಳಿನ ಹಿಂದೆ ಒಂದು ನಿಜವಿತ್ತು. ಅವರ ಹೆಂಡತಿ ಜಯದೇವಿಯ ಕಣ್ಣು ಹೋಗುತ್ತಿತ್ತು. ಕಣ್ಣಿನ ಹಿಂದಿನ ಪರದೆ ಒಣಗುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಮೊದಲು ದೂರದ್ದು ಹೋಗುತ್ತದೆ, ಆಮೇಲೆ ಹತ್ತಿರದ್ದು. ಒಂದು ವರ್ಷ ಅಂದುಕೊಳ್ಳಿ, ನೋಡುವುದೇನಾದರೂ ಇದ್ದರೆ ಅಷ್ಟರಲ್ಲಿ ನೋಡಿಬಿಡಿ. ಡಾಕ್ಟರು ಇಷ್ಟನ್ನು ಹೇಳಿ ಮುಂದಿನ ರೋಗಿಯ ಗಂಟೆ ಒತ್ತಿದರು.

ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಜಯದೇವಿ ಗಂಡನ ತೋಳು ಹಿಡಿದಳು.

"ಕಣ್ಣು ಹೋಗೂದಾದ್ರ ಹೋಗಲಿ. ಆದ್ರ ಒಬ್ಬರಿಗೂ ಗೊತ್ತಾಗಬಾರದು. ನಮ್ಮವ್ವನ ಕಣ್ಣು ಹ್ವಾದಾಗ ಮಂದಿ ಆಕೀ ಕಿವೀನೂ ಹೋಗ್ಯಾವು ಅನ್ನೂವಂಗ ಒದರಿ ಮಾತಾಡ್ತಿದ್ರು. ಅದರಾಗೂ ನಿಮ್ಮ ಅಕ್ಕಗ ಗೊತ್ತಾದ್ರ ಮುಗೀತು. ಗಂಟು ಕಟಿಗೊಂಡು ಬಂದು ನನ್ನ ಅಡಗಿಮನ್ಯಾಗ ಕೂಡ್ತಾರ. ಕುರುಡತನ ತಡಕೋತೀನಿ, ಅದನ್ನ ತಡಕೊಳ್ಳಾಕ ಆಗಂಗಿಲ್ಲ. ಲಿಂಗ ಮುಟ್ಟಿ ಹೇಳ್ರಿ."

ಗುರುಬಸಪ್ಪನವರು ಅಂಗಿಯೊಳಗಿನ ಲಿಂಗ ಮುಟ್ಟಿ ಹೇಳಿದರು. ಅವರ ಕಷ್ಟ ಶುರುವಾದದ್ದು ಅಲ್ಲಿಂದ.

ಜಯದೇವಿಗೆ ಮಕ್ಕಳಿರಲಿಲ್ಲ, ಟಿವಿಯಲ್ಲಿ ಪ್ರಾಣಿಗಳಿದ್ದವು. ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಅವಳು ಕಾಡಿನಲ್ಲಿ ಇರುತ್ತಿದ್ದಳು. ಹಿಂದಿನ ವರ್ಷ ಒಮ್ಮೆ ಮುದುಮಲೈಗೆ ಕರೆದುಕೊಂಡು ಹೋಗಿದ್ದರು. ಜೀಪಿನಲ್ಲಿದ್ದವರೆಲ್ಲ "ಅಗೋ ಚಿರತೆ, ಅಗೋ ಅಗೋ" ಎಂದರು. ಜಯದೇವಿಯೂ "ಹೌದೌದು" ಎಂದಳು. ಅವಳು ನೋಡುತ್ತಿದ್ದದ್ದು ಚಿರತೆಯ ವಿರುದ್ಧ ದಿಕ್ಕಿಗೆ. ಗುರುಬಸಪ್ಪನವರು ಅದನ್ನು ಗಮನಿಸಿದ್ದರು. ಓಡಿಹೋಗದ ಪ್ರಾಣಿಗಳು ಜಗತ್ತಿನಲ್ಲಿ ಎಲ್ಲಾದರೂ ಇವೆಯೇ ಎಂದು ಹುಡುಕುತ್ತ ಅವರು ಟಿ. ನಗರಕ್ಕೆ ಬಂದದ್ದು ಈ ಕಾರಣಕ್ಕೆ.

ಸೀರೆ ಅಂಗಡಿಯೊಂದರ ಮೂರನೆಯ ಮಹಡಿಯಲ್ಲಿ ಪ್ರವಾಸದ ಆಫೀಸು. ಅಲ್ಲಿ ನಿಶಾಂತ್ ಎಂಬ ಯುವಕ ಮೇಜಿನ ಮೇಲೆ ಗಲಪಗೋಸ್ ದ್ವೀಪಗಳನ್ನು ಹರಡಿದ. ಭೂಮಿಯ ಆಚೆ ಮಗ್ಗುಲು. ಸಮುದ್ರದೊಳಗಿಂದ ಜ್ವಾಲಾಮುಖಿ ಉಗುಳಿದ ಕಪ್ಪು ಬಂಡೆಗಳು. ಅವುಗಳ ಮೇಲೆ ಆಮೆ, ಉಡ, ನೀಲಿ ಕಾಲಿನ ಹಕ್ಕಿ.

"ಪ್ರಾಣಿ ಓಡಿಹೋಗುತ್ತಾ?" ಗುರುಬಸಪ್ಪನವರು ತಮಿಳಿನಲ್ಲಿ ಕೇಳಿದರು.

"ಇಲ್ಲ ಸಾರ್. ಅಲ್ಲಿನ ಪ್ರಾಣಿಗಳಿಗೆ ಮನುಷ್ಯರ ಭಯವೇ ಇಲ್ಲ."

"ಎಷ್ಟು ಹೊತ್ತು ನಿಂತಿರುತ್ತೆ?"

"ಆಮೆ ಸಾರ್. ಅದಕ್ಕೆ ಬೇರೆ ಏನು ಕೆಲಸ?"

"ಹತ್ತಿರ ಹೋಗಬಹುದಾ? ಬಹಳ ಹತ್ತಿರ?"

ನಿಶಾಂತ್ ಒಂದು ಕ್ಷಣ ಅವರನ್ನೇ ನೋಡಿದ. ಐಷಾರಾಮಿ ಕೋಣೆ, ಊಟ, ವೈಫೈ ಕೇಳುವವರನ್ನು ಅವನು ಕಂಡಿದ್ದ. ಆಮೆ ಸ್ಥಿರವಾಗಿ ನಿಲ್ಲುವುದೆಂದು ಖಾತ್ರಿ ಬೇಡುವವರು ಇವರೇ ಮೊದಲು.

ದೊಡ್ಡ ಹಡಗಿನಲ್ಲಿ ನೂರು ಜನ. ಸರದಿಯ ಮೇಲೆ ದಡಕ್ಕಿಳಿಸುತ್ತಾರೆ, ಗಂಟೆ ಬಾರಿಸಿ ಹಿಂದಕ್ಕೆ ಕರೆಯುತ್ತಾರೆ. ಹೋಟೆಲಿನಲ್ಲಿ ತಂಗುವ ಪ್ರವಾಸದಲ್ಲಿ ದಿನದ ಅರ್ಧ ದೋಣಿಯಲ್ಲೇ ಕಳೆಯುತ್ತದೆ. ಮೂರನೆಯದು ಹನ್ನೆರಡೇ ಜನರ ಸಣ್ಣ ಹಡಗು. ಎಲ್ಲರೂ ಚೆನ್ನೈನವರು, ಜೊತೆಗೆ ಇಲ್ಲಿಂದಲೇ ಹೋಗುವ ಸಸ್ಯಾಹಾರಿ ಅಡುಗೆಯವನು. ಒಂದು ಆಮೆಯ ಮುಂದೆ ಅರ್ಧ ದಿನ ಕೂತರೂ ಕೇಳುವವರಿಲ್ಲ. ಗುಂಪಿನಲ್ಲಿ ಜೈನರಿರುವುದರಿಂದ ಅಡುಗೆಗೆ ಈರುಳ್ಳಿ ಮಾತ್ರ ಹಾಕುವುದಿಲ್ಲ. ಗುರುಬಸಪ್ಪನವರ ಎದೆ ಚುರುಕ್ ಎಂದಿತು. ಮೂವತ್ತೆಂಟು ವರ್ಷ ಅನ್ನ ಕೊಟ್ಟ ದೇವತೆ. ಆದರೂ ಹನ್ನೆರಡರ ಹಡಗನ್ನೇ ಆರಿಸಿದರು. ಅರ್ಜಿಯ ನಾಲ್ಕನೆಯ ಪುಟದಲ್ಲಿ, ರಬ್ಬರ್ ದೋಣಿಯಿಂದ ಬಂಡೆಗೆ ಪ್ರತಿಯೊಬ್ಬರೂ ಯಾರ ಸಹಾಯವೂ ಇಲ್ಲದೆ ಕಾಲಿಡಬೇಕು, ದೃಷ್ಟಿದೋಷವಿರುವವರಿಗೆ ಅವಕಾಶವಿಲ್ಲ ಎಂದು ಬರೆದಿತ್ತು. ಆ ಪುಟವನ್ನು ಅವರು ಬಿಸಿ ತಟ್ಟೆಯ ಹಾಗೆ ಬೇಗ ತಿರುವಿ ಹಾಕಿದರು.

ಕೋಯಂಬೇಡಿನಲ್ಲಿ ಬೆಳಿಗ್ಗೆ ಆಡಿದ ಮಾತು ಈರುಳ್ಳಿ ಲಾರಿಯ ಡ್ರೈವರ್ ಬಾಯಲ್ಲಿ ಮರುದಿನ ಗದಗ ಮುಟ್ಟುತ್ತದೆ. ಮರುದಿನ ಗದಗಿನಿಂದ ಅಕ್ಕ ದಾಕ್ಷಾಯಿಣಿಯ ಫೋನು ಬಂತು.

"ಏನೋ ಬಸು, ಸಮುದ್ರ ದಾಟಿ ಹೊಂಟೀಯಂತ? ಮರೀನಾದಾಗ ನೀರು ಪಾದಕ್ಕ ಬಡದ್ರ ಹಿಂದಕ ಜಿಗಿಯಾಂವ ನೀ!"

"ಸುಮ್ಮಾ ಅಕ್ಕಾ, ಆಮಿ ನೋಡಾಕ."

"ಈಗ್ಯಾಕ ಅವಸರ? ಮುಂದಿನ ವರ್ಷಕ್ಕ ಆಮಿ ಸಾಯ್ತಾವೇನು?"

"ಆಮಿ ಇರ್ತಾವ ಅಕ್ಕಾ. ಡಾಕ್ಟರು ಒಂದ ವರ್ಷ ಅಂದಾರ."

ಆಚೆ ಕಡೆ ಕುಕ್ಕರ್ ಒಂದು ಕೂಗು ಕೂಗಿ ಸುಮ್ಮನಾಯಿತು.

"ಯಾರಿಗೆ?"

ಗುರುಬಸಪ್ಪನವರ ಕೈ ತಾನಾಗಿ ಲಿಂಗದ ಕಡೆ ಹೋಯಿತು. ಮನೆಯಲ್ಲಿದ್ದವರು ಇಬ್ಬರು. ಒಬ್ಬಳ ಹೆಸರು ಹೇಳುವಂತಿಲ್ಲ. ಲೆಕ್ಕ ಸುಲಭವಾಗಿತ್ತು.

"ನನಗ," ಎಂದುಬಿಟ್ಟರು.

ನಾಲ್ಕನೆಯ ದಿನ ದಾಕ್ಷಾಯಿಣಿ ಅಕ್ಕ ಎರಡು ಗಂಟು ಖಡಕ್ ರೊಟ್ಟಿ ಹೊತ್ತು, ಪೂಜೆ ಮಾಡಿಸುವ ಒಬ್ಬ ವೃದ್ಧ ಅಯ್ಯನವರೊಂದಿಗೆ ವಡಪಳನಿಯ ತಮ್ಮನ ಮನೆಗೆ ಬಂದಿಳಿದಳು. ಜಯದೇವಿ ತಾನು ಗುಡಿಗೆ ಹೋಗುತ್ತೇನೆಂದು ಹೇಳಿ ಕಣ್ಣಾಸ್ಪತ್ರೆಗೆ ಹೋಗಿದ್ದಳು. ಅಕ್ಕ ತಮ್ಮನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಕಣ್ಣೊರೆಸಿಕೊಂಡು, "ಸಂಕೋಚ ಬ್ಯಾಡ ಬಸು. ಹೋಗೂದಕ್ಕ ಮೊದಲ ಮಾಡಬೇಕಾದ್ದು ಮಾಡಿಬಿಡೂಣು. ಜಯಾ ಬರೂದ್ರಾಗ ಮುಗಸೂಣು, ಆಕೀ ಎದಿ ಒಡದೀತು," ಎಂದಳು.

ಗುರುಬಸಪ್ಪನವರು ಮದ್ರಾಸಿನಲ್ಲಿ ಹುಟ್ಟಿ ಬೆಳೆದವರು. ಅವರ ಮಟ್ಟಿಗೆ ಪೂಜೆಗಳಲ್ಲಿ ಎರಡೇ ಬಗೆ: ಊಟ ಇರುವುದು, ಊಟ ಇಲ್ಲದ್ದು. ಅಕ್ಕ ಇಷ್ಟು ದೂರದಿಂದ ಬಂದು ಸಮುದ್ರಯಾನಕ್ಕೆ ಪೂಜೆ ಮಾಡಿಸುತ್ತಿದ್ದಾಳೆ ಎಂದು ಅವರು ನಂಬಿದರು. ಸ್ನಾನ ಮಾಡಿ, ಮೈತುಂಬ ವಿಭೂತಿ ಬಳಿದುಕೊಂಡು ಮಣೆಯ ಮೇಲೆ ಕೂತರು. ಅಯ್ಯನವರು ತಲೆಯ ಮೇಲೆ ಪಾದವಿಟ್ಟರು. ವೀಳ್ಯದ ಜೊತೆ ವಿಭೂತಿಗಟ್ಟಿ ಹಂಚಲಾಯಿತು. ಚೆನ್ನೈ ಸಂಘದ ಕಾರ್ಯದರ್ಶಿ ಶಿವಶರಣ ಹದಿನೈದು ಜನರನ್ನು ಕರೆತಂದಿದ್ದ. ಒಬ್ಬೊಬ್ಬರೂ ಬಂದು ಅವರ ಪಾದಕ್ಕೆ ಹೂವು ಹಾಕಿ ನಮಸ್ಕರಿಸಿದರು. ವಿದೇಶಕ್ಕೆ ಹೋಗುವವನಿಗೆ ಇಷ್ಟು ಮರ್ಯಾದೆ ಇರುತ್ತದೆಂದು ಗುರುಬಸಪ್ಪನವರಿಗೆ ಗೊತ್ತಿರಲಿಲ್ಲ.

"ಯಾಕ ಅಳ್ತೀರಿ? ಇಪ್ಪತ್ತು ದಿನಕ್ಕ ಬಂದುಬಿಡ್ತೀನಿ," ಎಂದರು. "ಬರೂವಾಗ ಎಲ್ಲಾರಿಗೂ ಏನಾರೆ ತರ್ತೀನಿ."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಬುದ್ಧಿ ಆಗಲೇ ಮುಂದೆ ಹೋಗಿದೆ ಎಂದು ಶಿವಶರಣ ಪಕ್ಕದವನಿಗೆ ಹೇಳಿದ. ಎದುರು ಮನೆಯ ಸುಗುಣಾ ಬಾಗಿಲಲ್ಲಿ ನಿಂತು ಇದೇನು ವಿಶೇಷ ಎಂದು ತಮಿಳಿನಲ್ಲಿ ಕೇಳಿದಳು. ಗದಗಿನ ಅಜ್ಜಿಯ ಮನೆಯಲ್ಲೇ ಬೆಳೆದ ದಾಕ್ಷಾಯಿಣಿ ಅಕ್ಕನಿಗೆ ತಮಿಳು ಬರದು. ಆದರೆ ಸಾವನ್ನು ತಿಳಿಸಲು ಯಾವ ಭಾಷೆ ಬೇಕು? ಅಕ್ಕ ತಮ್ಮನ ಕಡೆ ತೋರಿಸಿ, ಕೈ ಮೇಲೆತ್ತಿ, ಆಕಾಶದ ಕಡೆ ಬೀಸಿದಳು.

"ಅಯ್ಯೋ ಪಾವಮೇ!" ಎಂದು ಸುಗುಣಾ ಮೆಟ್ಟಿಲಿಳಿದು ಓಡಿದಳು. ಹದಿನಾರು ಮನೆಗಳ ಆ ಕಟ್ಟಡಕ್ಕೆ ಅದಕ್ಕಿಂತ ವೇಗದ ಲಿಫ್ಟ್ ಇರಲಿಲ್ಲ.

ಅಷ್ಟರಲ್ಲಿ ಜಯದೇವಿ ಬಂದಳು. ಹೊರಗಿನ ಬಿಸಿಲಿಂದ ಒಳಗೆ ಕಾಲಿಟ್ಟವಳಿಗೆ ಏನೂ ಕಾಣಲಿಲ್ಲ. ವಿಭೂತಿಯ ವಾಸನೆ, ಹೂವಿನ ವಾಸನೆ, ಬಿಕ್ಕಳಿಕೆ. ಹೊಸಿಲಲ್ಲೇ ನಿಂತು ಕೇಳಿದಳು:

"ಯಾರು ಹ್ವಾದ್ರು?"

"ಇನ್ನೂ ಹೋಗಿಲ್ಲವ್ವಾ," ಎಂದು ಅಕ್ಕ ತಬ್ಬಿಕೊಂಡಳು. "ಹೋಗೂ ಮೊದಲ ವಿಭೂತಿ ವೀಳ್ಯ ಮಾಡಿದಿವಿ. ಕೊನೀ ಸಂಸ್ಕಾರ ಒಂದು ಆಗಿಹೋತಲ್ಲ, ಇನ್ನ ಅಂವಾ ನೆಮ್ಮದಿಲೆ ಹೋಗ್ತಾನ. ನಿನಗ ಹೇಳದಂಗ ಒಬ್ಬನ ನುಂಗಿಕೊಂಡಿದ್ದ ನೋಡು, ಒಂದ ವರ್ಷ ಅಂದಾರ ಅನ್ನೂದನ್ನ."

ಮಣೆಯ ಮೇಲಿದ್ದ ಗುರುಬಸಪ್ಪನವರ ಕೈಯಿಂದ ವೀಳ್ಯದೆಲೆ ಜಾರಿತು. ತಮ್ಮ ತಲೆಯ ಮೇಲೆ ಪಾದ ಬಂದುಹೋದದ್ದು ಯಾವ ಊರಿನ ಟಿಕೆಟ್ಟಿಗೆ ಎಂದು ಆಗ ತಿಳಿಯಿತು. ಹೆಂಡತಿಯ ಕಡೆ ನೋಡಿದರು. ಒಂದು ಮಾತು ಅವಳು ಆಡಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. ಜಯದೇವಿ ಬಾಯಿ ತೆರೆದಳು. ಅಡುಗೆಮನೆಯಿಂದ ಅಕ್ಕನ ರೊಟ್ಟಿ ಬುಟ್ಟಿಯ ವಾಸನೆ ಬಂತು. ಜಯದೇವಿ ಬಾಯಿ ಮುಚ್ಚಿಕೊಂಡಳು.

ಸಂಜೆಯೊಳಗೆ ಶಿವಶರಣ ಸಂಘದ ವಾಟ್ಸಾಪ್ ಗುಂಪಿಗೆ "ಗುರುಬಸಪ್ಪ ಅಣ್ಣಾವ್ರಿಗೆ ವಿಭೂತಿ ವೀಳ್ಯ ನೆರವೇರಿತು" ಎಂದು ಹಾಕಿದ. ಅದರ ಕೆಳಗೆ ಅರವತ್ತು ಜನ ಕೈಮುಗಿದರು. ಮಂಡಿಯ ಹಮಾಲರು ಅರ್ಧ ದಿನ ರಜೆ ಮಾಡಿ, ಲಾರಿ ಟೈರಿನಷ್ಟು ದೊಡ್ಡ ಹಾರ ಕಳಿಸಿದರು. ಅದು ಬಾಗಿಲಲ್ಲಿ ಹಿಡಿಸದೆ ಮೆಟ್ಟಿಲ ಮೇಲೆ ಎರಡು ದಿನ ಒರಗಿಕೊಂಡಿತ್ತು. ಮೂರನೆಯ ದಿನ ಸುದ್ದಿ ಪ್ರವಾಸದ ಆಫೀಸನ್ನೂ ಮುಟ್ಟಿ, ನಿಶಾಂತ್ ಫೋನು ಮಾಡಿದ.

"ಸಾರ್... ಇದ್ದೀರಾ?"

"ಇದ್ದೀನಿ."

"ಗುಂಪಿನವರು ಒಮ್ಮೆ ನಿಮ್ಮನ್ನ ನೋಡಬೇಕು ಅಂತಾರೆ."

ಟಿ. ನಗರದ ಆ ಮೂರನೆಯ ಮಹಡಿಯಲ್ಲಿ ಹತ್ತು ಜನ ಸಹಪ್ರಯಾಣಿಕರು ಅರ್ಧಚಂದ್ರಾಕಾರವಾಗಿ ಕೂತಿದ್ದರು. ನಡುವೆ ನಿವೃತ್ತ ಇಂಜಿನಿಯರ್ ತಿರುಮಲ, ಪಕ್ಕದಲ್ಲಿ ಅವರ ಹೆಂಡತಿ ವೆಂಕಟಲಕ್ಷ್ಮಿ. ತಿರುಮಲ ಅವರದು ಸೇತುವೆ ಕಟ್ಟಿಸಿದ ಧ್ವನಿ.

"ತಪ್ಪು ತಿಳಿಯಬೇಡಿ ಸಾರ್. ನೂರು ಜನರ ಹಡಗಾದರೆ ಒಬ್ಬರು ಹೋದರೂ ತೊಂಬತ್ತೊಂಬತ್ತು ಜನ ನೋಡಿಕೊಳ್ಳುತ್ತಾರೆ. ಹನ್ನೆರಡರಲ್ಲಿ ಒಬ್ಬರು ಹೋದರೆ ಹಡಗು ತಿರುಗಬೇಕು. ಶವ ಇಡಲು ಅಲ್ಲಿ ಜಾಗ ಇಲ್ಲ. ನಾನು ವಿಚಾರಿಸಿದ್ದೇನೆ. ತರಕಾರಿ ಇಡುವ ಫ್ರಿಜ್ ಒಂದೇ ಇರುವುದು."

"ನಮ್ಮದು ಉಪವಾಸವೇ ಆಗುತ್ತೆ," ಎಂದಿತು ಜೈನರ ಕಡೆಯಿಂದ ಒಂದು ಸಣ್ಣ ಧ್ವನಿ.

ನನಗೇನೂ ಆಗಿಲ್ಲ ಎನ್ನಲು ಗುರುಬಸಪ್ಪನವರು ಎದ್ದು ನಿಂತರು. ಹಾಗಂದರೆ ಮುಂದಿನ ಪ್ರಶ್ನೆ, ಮತ್ತೆ ಯಾರಿಗೆ ಎಂಬುದು. ನಾಲ್ಕನೆಯ ಪುಟ ನೆನಪಾಗಿ ಕೂತರು. ಮತ್ತೆ ಎದ್ದರು, ಮತ್ತೆ ಕೂತರು.

"ನೋಡಿ, ನಿಲ್ಲಲೂ ಆಗುತ್ತಿಲ್ಲ," ಎಂದರು ತಿರುಮಲ, ವಿಷಾದದಿಂದ.

ಆಗ ಜಯದೇವಿ ನೀರಿನ ಲೋಟಕ್ಕೆ ಕೈ ಚಾಚಿದಳು. ಕೈ ಲೋಟದ ಪಕ್ಕ ಗಾಳಿಯನ್ನು ಹಿಡಿಯಿತು, ಲೋಟ ಉರುಳಿತು. ಗಾಬರಿಯಿಂದ ಎದ್ದವಳು ಮುಂದಿದ್ದ ಕಿರುಮೇಜನ್ನು ಎಡವಿ ವೆಂಕಟಲಕ್ಷ್ಮಿಯ ಮಡಿಲಿಗೇ ಬಿದ್ದಳು.  ಆಯಿತು, ಎಲ್ಲರಿಗೂ ಗೊತ್ತಾಯಿತು ಎಂದುಕೊಂಡರು ಗುರುಬಸಪ್ಪನವರು.

ವೆಂಕಟಲಕ್ಷ್ಮಿ ಅವಳನ್ನು ತಬ್ಬಿ ಹಿಡಿದು ಅಳತೊಡಗಿದರು.

"ಅತ್ತು ಅತ್ತು ಇವರಿಗೆ ಎದುರಿಗಿರೋದೂ ಕಾಣ್ತಿಲ್ಲ ರೀ! ನಿಮ್ಮ ಫ್ರಿಜ್ ಅಲ್ಲಿರಲಿ, ಈ ಹೆಂಗಸಿನ ಗತಿ ನೋಡಿ. ಯಜಮಾನರು ಹೋದರೆ ಇವರನ್ನ ಎಲ್ಲಿಗಾದ್ರೂ ಕರೆದುಕೊಂಡು ಹೋಗೋರು ಯಾರಿದ್ದಾರೆ? ಇವರು ಬರಲಿ. ನಾನು ಕೈಹಿಡಿದು ಇಳಿಸ್ತೀನಿ, ಕೈಹಿಡಿದು ಹತ್ತಿಸ್ತೀನಿ. ನಿಶಾಂತ್, ಯಾವ ರೂಲು ಅಡ್ಡ ಬರುತ್ತೆ, ಹೇಳಪ್ಪಾ ನೋಡೋಣ."

ಯಾವ ರೂಲೂ ಅಡ್ಡ ಬರಲಿಲ್ಲ. ಕುರುಡಿಗೆ ದೋಣಿಯಲ್ಲಿ ಜಾಗವಿರಲಿಲ್ಲ. ವಿಧವೆಯಾಗಲಿರುವವಳಿಗೆ ಹತ್ತು ಜೊತೆ ಕೈಗಳು ಸಿಕ್ಕವು. ತಿರುಮಲ ಕೂಡ ಕನ್ನಡಕ ಒರೆಸಿಕೊಂಡರು. ತೆರವಾದ ಗುರುಬಸಪ್ಪನವರ ಜಾಗಕ್ಕೆ ತಮ್ಮ ಭಾವಮೈದುನನನ್ನು ಸೂಚಿಸಲು ಮಾತ್ರ ಮರೆಯಲಿಲ್ಲ.

"ನಾ ಒಬ್ಬಾಕೀ ಹೋಗಂಗಿಲ್ರೀ," ಜಯದೇವಿ ಕನ್ನಡದಲ್ಲಿ ಗಂಡನ ಕಿವಿಯ ಹತ್ತಿರ ಹೇಳಿದಳು.

"ಹೋಗು ಜಯಾ."

"ನೀವು ಬರದ ಆಮಿ ನನಗ್ಯಾಕ?"

"ನಾ ಬಂದ್ರ ಇಬ್ಬರೂ ಇಲ್ಲೇ ಉಳೀತೀವಿ. ಮುಂದಿನ ವರ್ಷ ಆಮಿ ನಿನ್ನ ಮುಂದ ಬಂದು ನಿಂತರೂ..." ಗುರುಬಸಪ್ಪನವರು ಮೇಜಿನ ಮೇಲಿನ ಪೆನ್ನು ತೆಗೆದುಕೊಂಡು, ತೀವ್ರ ಅನಾರೋಗ್ಯದ ಕಾರಣ ತಾನು ಪ್ರಯಾಣಿಸಲಾರೆನೆಂದು ಬರೆದು ರುಜು ಹಾಕಿದರು.

ಜಯದೇವಿ ಹೊರಟ ಮೇಲೆ ಗುರುಬಸಪ್ಪನವರ ಸಾವು ಕ್ರಮಬದ್ಧವಾಗಿ ನಡೆಯಿತು. ಅಕ್ಕ ಅಡುಗೆಮನೆ ಹಿಡಿದಳು. ಖಾರ ಇಲ್ಲ, ಎಣ್ಣೆ ಇಲ್ಲ, ಮೂರು ಹೊತ್ತು ನುಚ್ಚಿನ ಗಂಜಿ. ನೋಡಲು ಬಂದವರಿಗೆ ರೊಟ್ಟಿಗಳನ್ನು ಹಂಚಿದಳು. ಮಂಡಿಯ ಚೀಲದಷ್ಟು ದಾಳಿಂಬೆ ಬಂದು ಬಿತ್ತು. ಬಂದವರೆಲ್ಲ "ಹೋದ ವಾರಕ್ಕಿಂತ ಸೊರಗಿದ್ದೀರಿ" ಎಂದರು. ಅದು ಸುಳ್ಳಲ್ಲ. ಗಂಜಿಯಿಂದ ಅವರ ಹೊಟ್ಟೆ ಕರಗಿತು, ಮೂವತ್ತು ವರ್ಷದಲ್ಲಿ ಮೊದಲ ಸಲ ಬೆಲ್ಟಿಗೆ ಹೊಸ ತೂತು ಬೇಕಾಯಿತು. ಹಾಸಿಗೆ ಹಿಡಿದವನು ಲಕ್ಷಣವಾಗಿ ಕಾಣಲೆಂದು ಅಕ್ಕ ಮೀಸೆ ಬೋಳಿಸಿದಳು.

ಒಂದು ಮಧ್ಯಾಹ್ನ ಶಿವಶರಣ ಅಳತೆ ಟೇಪು ತಂದ.

"ಅಣ್ಣಾವ್ರೇ, ಹೀಗೆ ಒಮ್ಮೆ ಪದ್ಮಾಸನ ಹಾಕಿ ಕೂತ್ಕೊಳ್ಳಿ. ಕೂತಾಗ ಎಷ್ಟು ಎತ್ತರ ಬರ್ತೀರಿ ನೋಡೋಣ."

"ಯಾಕೆ?"

"ನಮ್ಮವರನ್ನ ಕೂರಿಸಿ ಮಣ್ಣು ಮಾಡಬೇಕಲ್ವಾ. ಚೆನ್ನೈ ಮಣ್ಣು ಗೊತ್ತಲ್ಲ, ನಾಲ್ಕಡಿ ತೋಡಿದ್ರೆ ನೀರು ಬರುತ್ತೆ. ನೀವು ಸ್ವಲ್ಪ ಎತ್ತರ ಬೇರೆ." ತಲೆ ಕೆರೆದುಕೊಂಡ. "ಬೇಜಾರು ಮಾಡ್ಕೋಬೇಡಿ. ಮಳೆಗಾಲಕ್ಕೆ ಮುಂಚೆ ಆದ್ರೆ ಎಲ್ಲರಿಗೂ ಒಳ್ಳೆಯದು."

"ನೋಡ್ತೀನಿ," ಎಂದರು ಗುರುಬಸಪ್ಪನವರು, ಯಾರಿಗೂ ಇಲ್ಲವೆಂದು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

ಹಡಗಿನಲ್ಲಿ ಫೋನು ಸಿಗುತ್ತಿರಲಿಲ್ಲ. ಹದಿನಾಲ್ಕನೆಯ ದಿನ, ಹಡಗು ಬಂದರು ಮುಟ್ಟಿದಾಗ, ವೆಂಕಟಲಕ್ಷ್ಮಿಯವರಿಂದ ಒಂದು ಸಾಲು ಬಂತು: "ನಿಮ್ಮ ಮನೆಯವರು ಧೈರ್ಯವಾಗಿದ್ದಾರೆ. ನೀವೂ ಧೈರ್ಯವಾಗಿ ಹೋಗಿ." ಅದನ್ನು ಎಷ್ಟು ಸಲ ಓದಿದರೂ ಜಯಾ ಏನಾದರೂ ನೋಡಿದಳೇ ಇಲ್ಲವೇ ಎಂಬುದು ಅದರಲ್ಲಿ ಇರಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು ಮಲಗಿದರೆ ನಿಜಕ್ಕೂ ಎಲ್ಲೋ ನೋಯುತ್ತಿದೆ ಎನಿಸುತ್ತಿತ್ತು.

ಜಯದೇವಿ ವಾಪಸು ಬರುವ ದಿನ ಅವರು ವಿಮಾನ ನಿಲ್ದಾಣಕ್ಕೆ ಹೋಗುವಂತಿರಲಿಲ್ಲ. ಸಾಯುತ್ತಿರುವವನು ಹೇಗೆ ಹೋಗುತ್ತಾನೆ? ಸುಗುಣಾ ಹೋಗಿ ಕರೆತರುವುದೆಂದು ಮಾತಾಗಿತ್ತು. ಸುಗುಣಾಳ ಆಟೋ ಗೇಟು ದಾಟಿದ್ದೇ ತಡ, ಅಕ್ಕ ಸ್ನಾನಕ್ಕೆ ಹೋದ ಹೊತ್ತು ನೋಡಿ ಗುರುಬಸಪ್ಪನವರು ಹಿಂದಿನ ಮೆಟ್ಟಿಲಿಳಿದು ಮೆಟ್ರೋ ಹತ್ತಿದರು. ಆಟೋಗಿಂತ ಮೊದಲೇ ಮುಟ್ಟಿದರು. ಹೊರಬರುವ ಬಾಗಿಲಿನ ಎದುರು, ಕಂಬದ ಹಿಂದೆ ನಿಂತರು. ಒಮ್ಮೆ ನೋಡಿ ಹೊರಟುಬಿಡುವುದು, ಅಷ್ಟೇ.

ಹನ್ನೆರಡು ಜನವೂ ಹೊರಬಂದರು. ಬಿಸಿಲಿಗೆ ಕಪ್ಪಾಗಿದ್ದರು. ನಡುವೆ ವೆಂಕಟಲಕ್ಷ್ಮಿಯ ಕೈಹಿಡಿದು ಜಯದೇವಿ. ಅಪ್ಪುಗೆಗಳಾದವು, ಅಳುವಾಯಿತು, ಫೋಟೋ ತೆಗೆದುಕೊಂಡರು. ಮೊಮ್ಮಕ್ಕಳು ಓಡಿಬಂದು ವೆಂಕಟಲಕ್ಷ್ಮಿಯನ್ನು ಜಗ್ಗಿದರು, ಅವರ ಕೈ ಬಿಟ್ಟಿತು. ಜಯದೇವಿ ಒಂದು ಕ್ಷಣ ನಿಂತಳು. ಆಮೇಲೆ ತನ್ನ ಪೆಟ್ಟಿಗೆಯ ಗಾಡಿ ತಳ್ಳಿಕೊಂಡು ಕಂಬದ ಕಡೆಯೇ ಬಂದಳು. ಅವರ ಮುಂದೆಯೇ, ಆರು ಹೆಜ್ಜೆ ದೂರದಲ್ಲಿ, ಮುಖಕ್ಕೆ ಮುಖ ಕೊಟ್ಟು ದಾಟಿ ಹೋದಳು. ಕಾರುಗಳು ನುಗ್ಗುತ್ತಿದ್ದ ರಸ್ತೆಯ ಕಡೆಗೆ ನಡೆದಳು.

"ಜಯಾ! ಏ ಜಯಾ! ನಿಲ್ಲು!"

ಗುರುಬಸಪ್ಪನವರು ಹಗ್ಗ ಹಾರಿ, ಯಾರದೋ ಪೆಟ್ಟಿಗೆ ದಾಟಿ, ಇಪ್ಪತ್ತರ ಹುಡುಗನ ಹಾಗೆ ಓಡಿದರು. ಗಾಡಿ ರಸ್ತೆಗಿಳಿಯುವ ಮೊದಲು ಹಿಡಿದರು. ಜಯದೇವಿ ಮೊದಲು ಬೇರೆ ಕಡೆ ತಿರುಗಿ, ಆಮೇಲೆ ಧ್ವನಿಯ ಕಡೆ ತಿರುಗಿದಳು.

ಹನ್ನೊಂದು ಜನ ಅಲ್ಲಲ್ಲೇ ನಿಂತು ನೋಡುತ್ತಿದ್ದರು. ತಿರುಮಲ ಮುಂದೆ ಬಂದರು.

"ಯಾರಮ್ಮಾ ಇವರು?"

ಹದಿನೆಂಟು ದಿನ ಆ ಹನ್ನೊಂದು ಜನ ಅವಳ ಕೈಹಿಡಿದು ಇಳಿಸಿದ್ದರು, ಹತ್ತಿಸಿದ್ದರು, ತಮ್ಮ ಪಾಲಿನ ಉಪ್ಪಿನಕಾಯಿ ಕೊಟ್ಟಿದ್ದರು. ಜಯದೇವಿ ತಡಮಾಡಲಿಲ್ಲ.

"ನಮ್ಮ ಯಜಮಾನರ ತಮ್ಮ."

"ಹಾಗೇ ಅಂದುಕೊಂಡೆ. ಅದೇ ಮೂಗು," ಎಂದರು ತಿರುಮಲ. "ಇವರು ಗಟ್ಟಿಯಾಗಿದ್ದಾರೆ." ಆಮೇಲೆ ತಮ್ಮ ಹೀಗೆ ಅತ್ತಿಗೆಯನ್ನು ಕೂಗುತ್ತ ಓಡಿಬರುವುದರ ಅರ್ಥ ಅವರಿಗೆ ಹೊಳೆಯಿತು. ಸೇತುವೆಯ ಧ್ವನಿ ಇಳಿಯಿತು. "ಅಣ್ಣ...?"

ಗುರುಬಸಪ್ಪನವರು ತಲೆ ತಗ್ಗಿಸಿದರು.

"ಯಾವತ್ತು?"

"ಮಂಗಳವಾರ," ಎಂದರು ಗುರುಬಸಪ್ಪನವರು.

ವೆಂಕಟಲಕ್ಷ್ಮಿ ಚೀರಿದರು. ತಿರುಮಲ ಅವರನ್ನು ಸುಮ್ಮನಿರಿಸಿ, ಎಲ್ಲರನ್ನೂ ಹತ್ತಿರ ಕರೆದು, ಒಂದು ನಿಮಿಷ ಮೌನ ಆಚರಿಸೋಣ ಎಂದರು. ಟ್ಯಾಕ್ಸಿಯವರ ಕೂಗಿನ ನಡುವೆ, ಪೆಟ್ಟಿಗೆಗಳ ಸುತ್ತ, ಹನ್ನೊಂದು ಜನ ತಲೆ ಬಾಗಿಸಿ ನಿಂತರು. ಗುರುಬಸಪ್ಪನವರೂ ತಮಗಾಗಿ ತಲೆ ಬಾಗಿಸಿದರು.

"ಆಮಿ ಕಂಡಿತೇನು?" ತುಟಿ ಅಲುಗಿಸದೆ ಕೇಳಿದರು.

"ಹ್ಞೂಂ. ನನ್ನ ಮುಂದ ಬಂದು ಕುಂತಿತ್ತು. ಕಣ್ಣಾಗಿಂದ ನೀರು ಸುರೀತಿತ್ತು ಅದಕ್ಕ. ಅದರ ಕತ್ತಿನ ನಿರಿಗಿ ಎಲ್ಲಾ ಎಣಿಸಿದೆ." ಅವಳ ಕೈ ಗಾಳಿಯಲ್ಲಿ ಸ್ವಲ್ಪ ಹುಡುಕಿ ಅವರ ಅಂಗಿಯ ತೋಳನ್ನು ಹಿಡಿಯಿತು. "ಮೀಸಿ ಎಲ್ಲಿ ಹೋತು? ಸೊರಗೀರೇನು? ಮುಖ ಇತ್ತಾಗ ತರ್ರಿ."

ಅವರು ಬಾಗಿದರು.

"ಇನ್ನೂ ಹತ್ರ," ಎಂದಳು ಜಯದೇವಿ. "ಇನ್ನೂ ಸ್ವಲ್ಪ."